ಅಮ್ಮನ ಫೋನಿಗಿದ್ದ ಕಾವಲು

ಜೂನ್ ೧೪

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ನೀನು ಕೇಳಿದ ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ದಿನ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನು ಊಟ ಆಯ್ತಾ, ನಿದ್ದೆ ಆಯ್ತಾ ಎಂದು ಮಾತು ತೇಲಿಸಿದೆ. ಕೊನೆಗೆ ನೀನೇ, "ಅಮ್ಮಾ, ಏನೋ ಮುಚ್ಚಿಡ್ತಿದ್ದೀಯ ನೀನು" ಎಂದೆ. ಹೌದು, ಮುಚ್ಚಿಡುತ್ತಿದ್ದೆ. ಫೋನಿನಲ್ಲಿ ಹೇಳಲು ಹೋದರೆ ನಡುವೆ ಅತ್ತುಬಿಡುತ್ತೇನೆ, ನೀನು ಗಾಬರಿಯಾಗುತ್ತೀಯ. ಕಾಗದದಲ್ಲಾದರೆ ಆ ತೊಂದರೆ ಇಲ್ಲ. ಪೆನ್ನು ಹಿಡಿದು ಬಹಳ ಕಾಲವಾಯಿತು, ಅಕ್ಷರಗಳೆಲ್ಲ ಕಾಗೆ ಕಾಲಿನಂತೆ ಬರುತ್ತಿವೆ, ಸುಧಾರಿಸಿಕೊಂಡು ಓದು.

ಮೊದಲು ಅಂಗಡಿಯ ಸುದ್ದಿ. ಎದುರಿನ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಬೆಳಿಗ್ಗೆ ಒರೆಸಿದ ಶೋಕೇಸಿನ ಗಾಜಿನ ಮೇಲೆ ಮಧ್ಯಾಹ್ನಕ್ಕೆ ಹೆಸರು ಬರೆಯಬಹುದು, ಅಷ್ಟು ಧೂಳು. ಕನ್ನಡಕದಂಗಡಿಯ ಮುಂದೆಯೇ ಕಣ್ಣಿಗೆ ಧೂಳು ಎಂದು ಬಂದವರೆಲ್ಲ ನಗುತ್ತಾರೆ. ಲೆನ್ಸು ಉಜ್ಜುವ ನಮ್ಮ ಸಿಲಿಂಡರಣ್ಣ ಚೆನ್ನಾಗಿದ್ದಾನೆ. ಬಂದವರಿಗೆಲ್ಲ ಕನ್ನಡಕದ ಚೀಟಿಯಲ್ಲಿರುವ ಸಿಲಿಂಡರ್ ಪವರ್ ಎಂದರೇನು ಎಂದು ಪಾಠ ಮಾಡುವ ಚಟ ಇನ್ನೂ ಬಿಟ್ಟಿಲ್ಲ.

ಇನ್ನು ನಿನ್ನ ಪ್ರಶ್ನೆ. "ಹೊಸ ಫೋನ್ ತಗೋಬೇಕು. ಐಫೋನ್ ತಗೊಳ್ಲಾ, ಆಂಡ್ರಾಯ್ಡೇ ಸಾಕಾ? ಆಂಟಿವೈರಸ್ ಹಾಕಿಸ್ಬೇಕಾ?" ಎಂದಿದ್ದೆ. ಕನ್ನಡಕ ಮಾರುವವಳನ್ನು ಕೇಳುವ ಪ್ರಶ್ನೆಯೇ ಇದು ಎಂದು ಆಗ ನಕ್ಕೆ. ಹಾಗೆ ನಕ್ಕ ಮರುವಾರವೇ ಆ ವಿದ್ಯೆ ನನ್ನ ತಲೆಗೇ ಬಂದು ಬಿತ್ತು.

ಫ್ರೇಮುಗಳ ಪಾರ್ಸೆಲ್ಲಿಗೆ ಕಾಯುತ್ತಿದ್ದೆ. ಒಂದು ಮೆಸೇಜು ಬಂತು: ನಿಮ್ಮ ವಿಳಾಸ ಸರಿಯಿಲ್ಲದ್ದರಿಂದ ಪಾರ್ಸೆಲ್ ನಿಂತಿದೆ, ಇಲ್ಲಿ ಒತ್ತಿ. ಒತ್ತಿದೆ. ಪಾರ್ಸೆಲ್ ಎಲ್ಲಿದೆ ಎಂದು ತೋರಿಸಲು ಒಂದು ಆ್ಯಪ್ ಹಾಕಿಕೊಳ್ಳಿ ಎಂದಿತು. ಹಾಕಿಕೊಂಡೆ. ಅದು ಕೇಳಿದ್ದಕ್ಕೆಲ್ಲ 'ಅನುಮತಿಸಿ' ಎಂದು ಒತ್ತುತ್ತಾ ಹೋದೆ. ಕೌಂಟರಿನ ಆಚೆ ಒಬ್ಬರು ಮೂಗಿನ ಮೇಲೆ ಫ್ರೇಮ್ ಕೂರುತ್ತಿಲ್ಲ ಎಂದು ಗೊಣಗುತ್ತಿದ್ದರು, ನನ್ನ ಗಮನವೆಲ್ಲ ಅವರ ಮೂಗಿನ ಮೇಲಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಎದುರಂಗಡಿಯ ಟೈಲರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಏನಮ್ಮಾ ಇದು? ನಿಮ್ಮಿಂದ ಮೆಸೇಜ್ ಬಂತು ಅಂತ ನಂಬಿ ಒತ್ತಿದೆ. ಈಗ ನನ್ನ ಫೋನಿಂದ ನನ್ನ ಗಿರಾಕಿಗಳಿಗೆಲ್ಲ ಹೋಗ್ತಿದೆ!"

ನನ್ನ ನಂಬರಿನಿಂದ ಪರಿಚಯದವರಿಗೆಲ್ಲ ಅದೇ ಪಾರ್ಸೆಲ್ ಮೆಸೇಜು ಹೋಗಿತ್ತು. ಫೋನ್ ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು. ಎಷ್ಟೋ ವರ್ಷ ಒಬ್ಬೊಬ್ಬರ ಕಣ್ಣು ನೋಡಿ ಗಳಿಸಿದ ನಂಬಿಕೆ, ಗುಬ್ಬಿ. ನನ್ನ ಹೆಸರು ಕಂಡರೆ ಜನ ಹಿಂದೆ ಮುಂದೆ ನೋಡದೆ ಒತ್ತುತ್ತಾರೆ. ಅದನ್ನೇ ಆ ಕಳ್ಳರು ಬಂಡವಾಳ ಮಾಡಿಕೊಂಡಿದ್ದರು. ಆ ದಿನವೆಲ್ಲ ಅಂಗಡಿಯ ಲ್ಯಾಂಡ್‌ಲೈನಿನಿಂದ ಒಬ್ಬೊಬ್ಬರಿಗೂ ಫೋನ್ ಮಾಡಿ, "ದಯವಿಟ್ಟು ಒತ್ತಬೇಡಿ, ಅದು ನಾನಲ್ಲ" ಎನ್ನುವುದರಲ್ಲೇ ಹೋಯಿತು. ಕೆಲವರು ನಕ್ಕರು. ಒಬ್ಬರು, "ಅಂದ್ರೆ ನನ್ನ ಕನ್ನಡಕವೂ ಸುಳ್ಳಾ?" ಎಂದರು.

ಸಿಲಿಂಡರಣ್ಣ ಉತ್ಸಾಹದಿಂದ ಮುಂದೆ ಬಂದ. "ಅಕ್ಕಾ, ಆಂಟಿವೈರಸ್ ಇಲ್ದೇ ಇರೋದೇ ತಪ್ಪು. ನನ್ನ ಫೋನಲ್ಲಿ ಮೂರು ಇದೆ ನೋಡಿ."

"ಮೂರು ಯಾಕೋ?"

"ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡಿಯುತ್ತೆ."

ಅವನ ಫೋನು ಮಧ್ಯಾಹ್ನವಾಗುವ ಮೊದಲೇ ಚಾರ್ಜ್ ಮುಗಿದು ಪ್ರಾಣ ಬಿಡುವುದೇಕೆ ಎಂದು ಆಗ ಅರ್ಥವಾಯಿತು. ಅವುಗಳಲ್ಲಿ ಬಿಟ್ಟಿಯಾಗಿ ಸಿಗುವ ಒಂದನ್ನು ನನ್ನ ಫೋನಿಗೂ ಹಾಕಿಕೊಟ್ಟ. ಒಂದು ಚಕ್ರ ಗರಗರ ತಿರುಗಿತು, ಹಸಿರು ಗುರುತು ಬಂತು: 'ನಿಮ್ಮ ಫೋನ್ ಸುರಕ್ಷಿತವಾಗಿದೆ.' ನಾವಿಬ್ಬರೂ ನಿಟ್ಟುಸಿರು ಬಿಟ್ಟೆವು. ಆ ಹಸಿರು ಗುರುತು ಕಣ್ಣೆದುರಿಗೆ ಇರುವಾಗಲೇ ಒಬ್ಬ ಗಿರಾಕಿ ಫೋನ್ ಮಾಡಿ, "ಇನ್ನೊಂದು ಮೆಸೇಜ್ ಬಂತಲ್ಲ ನಿಮ್ಮಿಂದ" ಎಂದರು! ಅಷ್ಟು ಸಾಲದು ಎಂಬಂತೆ ಅದು ಗಳಿಗೆಗೊಂದು ಜಾಹೀರಾತು ತೋರಿಸತೊಡಗಿತು.

ಸಂಜೆ ನಿನ್ನ ಮಾವ ಬಂದ. ನನ್ನ ತಮ್ಮನ ಸ್ವಭಾವ ನಿನಗೆ ಗೊತ್ತಲ್ಲ, ಸಮಾಧಾನ ಹೇಳುವ ಮೊದಲು ಉಪದೇಶ. ತನ್ನ ಐಫೋನನ್ನು ಮೇಜಿನ ಮೇಲೆ ಮಗುವನ್ನು ಮಲಗಿಸಿದಂತೆ ಇಟ್ಟು, "ಅಕ್ಕಾ, ಇದು ಕೋಟೆ. ವೈರಸ್ ಅಲ್ಲ, ಅದರಪ್ಪ ಬಂದ್ರೂ ಒಳಗೆ ಬರಕ್ಕಾಗಲ್ಲ. ನಾನು ಆವಾಗ್ಲೇ ಹೇಳಿದ್ದೆ, ಭಾವ ಕೇಳ್ಲಿಲ್ಲ. ಆಂಡ್ರಾಯ್ಡೇ ಬೇಕು ಅಂತ ತಂದ್ಕೊಟ್ರು ನಿನಗೆ" ಎಂದ. ಬೈಸಿಕೊಳ್ಳಲು ಅಪ್ಪ ಇಲ್ಲವಲ್ಲ ಎಂದು ಅವನಿಗೂ ಆಮೇಲೆ ಹೊಳೆಯಿತೇನೋ, ಐಫೋನನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ನನಗೆ ದಾರಿ ತೋರಿಸಿದ್ದು ಒಬ್ಬ ಗಿರಾಕಿ. ಕಾಲೇಜಿನಲ್ಲಿ ಕಂಪ್ಯೂಟರ್ ಭದ್ರತೆಯ ವಿಷಯ ಹೇಳಿಕೊಡುವ ಮೇಡಂ. ಓದುವ ಕನ್ನಡಕ ತೆಗೆದುಕೊಂಡು ಹೋಗಲು ಬಂದವರು, ನನ್ನ ಮುಖ ನೋಡಿ ಕಾರಣ ಕೇಳಿದರು. ಹೊಸ ಕನ್ನಡಕ ಹಾಕಿಕೊಂಡೇ ನನ್ನ ಫೋನ್ ಹಿಡಿದು ಕೂತರು. ಮೊದಲು ನೆಟ್ ಬಂದ್ ಮಾಡಿ ಆ ಪಾರ್ಸೆಲ್ ಆ್ಯಪ್ ಕಿತ್ತು ಹಾಕಿದರು. ಆಮೇಲೆ ಸಿಲಿಂಡರಣ್ಣನ ಹಸಿರು ಗುರುತನ್ನೂ ಕಿತ್ತರು. ಅವನ ಮುಖ ಸಪ್ಪಗಾಯಿತು.

"ಐಫೋನೇ ಒಳ್ಳೇದಾ ಮೇಡಂ?" ಎಂದು ಕೇಳಿದೆ.

"ಅದರಲ್ಲಿ ಹೊರಗಿನ ಆ್ಯಪ್ ಸುಲಭವಾಗಿ ಒಳಗೆ ಬರಲ್ಲ, ನಿಜ. ಅದರ ಆ್ಯಪ್ ಅಂಗಡಿಯವರು ನೋಡಿ ಒಳಗೆ ಬಿಡ್ತಾರೆ. ಅಲ್ಲೂ ಒಂದೊಂದ್ಸಲ ಕಣ್ತಪ್ಪುತ್ತೆ, ಅದು ಬೇರೆ ಮಾತು. ಆಂಡ್ರಾಯ್ಡಲ್ಲೂ ಅಂಗಡಿ ಇದೆ, ಫೋನೊಳಗೇ ಒಂದು ಕಾವಲೂ ಇದೆ. ಆದ್ರೆ ನೀವು 'ಹೊರಗಿಂದ್ಲೇ ತರ್ತೀನಿ' ಅಂತ ಹಟ ಹಿಡಿದ್ರೆ ಅದು ಎಚ್ಚರಿಕೆ ಕೊಟ್ಟು, ಕೊನೆಗೆ ನಿಮ್ಮಿಷ್ಟ ಅಂತ ಬಿಡುತ್ತೆ."

"ನನಗೆ ಯಾವ ಎಚ್ಚರಿಕೆನೂ ಬರಲಿಲ್ವಲ್ಲ!"

ಮೇಡಂ ತಲೆ ಎತ್ತಿದರು. "ಬರಲೇ ಇಲ್ವಾ?"

"ಇಲ್ಲ. ಬಂದಿದ್ರೂ ಒತ್ತೋವಷ್ಟು ಪೆದ್ದಿ ಅಲ್ಲ ನಾನು."

ಅವರು ಫೋನಿನೊಳಗೆ ಎಲ್ಲೆಲ್ಲೋ ಹೋಗಿ ಬಂದರು. ಆಮೇಲೆ ಮೆಲ್ಲಗೆ, "ಕಾವಲನ್ನ ಯಾರೋ ಮೊದಲೇ ಆಫ್ ಮಾಡಿದ್ದಾರೆ. ಹೊರಗಿನ ಆ್ಯಪ್‌ಗೂ ಒಪ್ಪಿಗೆ ಕೊಟ್ಟಿಟ್ಟಿದ್ದಾರೆ. ನೀವು ಮಾಡಿದ್ರಾ?" ಎಂದರು. ಅದೆಲ್ಲ ಎಲ್ಲಿದೆ ಎಂಬುದೇ ನನಗೆ ಗೊತ್ತಿಲ್ಲ ಎಂದೆ. ಆಗ ತಾವು ನಂಬುವ ಒಂದು ಆಂಟಿವೈರಸ್ಸನ್ನು ಹಾಕಿ ಹುಡುಕಿಸಿದರು. ಅದು ಹಸಿರು ತೋರಿಸಲಿಲ್ಲ.

'ಸಿಸ್ಟಮ್ ಸರ್ವಿಸ್' ಎಂಬ ಹೆಸರಿನಲ್ಲಿ, ಹಲ್ಲಿನ ಚಕ್ರದ ಚಿತ್ರ ಹಾಕಿಕೊಂಡು ಇನ್ನೊಂದು ಆ್ಯಪ್ ಕೂತಿತ್ತು. ಪಾರ್ಸೆಲ್ ಕಳ್ಳರಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಎಲ್ಲಿದ್ದೇನೆ ಎಂಬುದನ್ನು ಇನ್ನೊಂದು ಫೋನಿಗೆ ಹೇಳುವುದೇ ಅದರ ಕೆಲಸ. ಹಾಕಿ ಎರಡು ವರ್ಷದ ಮೇಲಾಗಿದೆ.

"ಇದನ್ನ ದೂರದಿಂದ ಹಾಕಕ್ಕಾಗಲ್ಲ" ಎಂದರು ಮೇಡಂ. "ಫೋನ್ ಕೈಯಲ್ಲಿರ್ಬೇಕು, ಲಾಕ್ ನಂಬರ್ ಗೊತ್ತಿರ್ಬೇಕು. ಯಾರಿಗೆ ಗೊತ್ತಿತ್ತು?"

"ನಮ್ಮೆಜಮಾನ್ರಿಗೆ."

"ಅವರನ್ನೇ ಕೇಳಿ."

"ಅವರು ಹೋಗಿ ಒಂದು ವರ್ಷ ಆಯ್ತು ಮೇಡಂ."

ಸಿಲಿಂಡರಣ್ಣ ಎದ್ದು ಒಳಗೆ ಹೋಗಿ ಸುಮ್ಮನೆ ಮೆಷೀನ್ ಚಾಲೂ ಮಾಡಿದ. ಉಜ್ಜಲು ಲೆನ್ಸು ಒಂದೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬೀರುವಿನಿಂದ ಅಪ್ಪನ ಫೋನ್ ತೆಗೆದು ಚಾರ್ಜಿಗೆ ಹಾಕಿದೆ. ಅವರ ಲಾಕ್ ನಂಬರ್ ನನಗೂ ಗೊತ್ತಿತ್ತು, ನಮ್ಮಲ್ಲಿ ಅಂಥದ್ದೇನೂ ಗುಟ್ಟಿರಲಿಲ್ಲ. ಹಾಗೆಂದುಕೊಂಡಿದ್ದೆ. ಅದರಲ್ಲಿ ಅದೇ ಹಲ್ಲಿನ ಚಕ್ರ. ತೆರೆದರೆ ಊರಿನ ನಕ್ಷೆ, ನಕ್ಷೆಯ ಮೇಲೆ ನೀಲಿ ಗೆರೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಬ್ಯಾಂಕು, ಔಷಧಿ ಅಂಗಡಿ, ಮತ್ತೆ ಮನೆ. ಆ ಗೆರೆ ನಾನೇ ಗುಬ್ಬಿ. ಅವರು ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದ ತಿಂಗಳಿನಿಂದ ಶುರುವಾಗಿದೆ.

ಕೋಪ ಬಂತೇ, ಅಳು ಬಂತೇ ಎಂದು ಕೇಳಬೇಡ. ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಆಯಿತು, ಬಹಳ ಬರೆದೆ. ಹೊತ್ತುಹೊತ್ತಿಗೆ ಉಣ್ಣು. ಫಿಸಿಯೋಥೆರಪಿ ಎಂದು ರೋಗಿಗಳ ಕೈಕಾಲು ತಿರುಗಿಸುವ ಭರದಲ್ಲಿ ನಿನ್ನ ಬೆನ್ನು ನೋವು ಮರೆಯಬೇಡ. ಎಲ್ಲಿದ್ದರೂ ನೆಮ್ಮದಿಯಾಗಿರು ಮಗಳೇ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀನು ಹಾಸ್ಟೆಲಿಗೆ ಹೊರಟಾಗ ನಿನ್ನ ಫೋನನ್ನೂ ಅಪ್ಪನೇ ತಂದು, ಎಲ್ಲ ಸರಿಮಾಡಿ ಕೊಟ್ಟಿದ್ದರು. ಅದರಲ್ಲೂ ಇದೆಯೇ ನೋಡು. ಹೇಗೆ ನೋಡಬೇಕೆಂದು ಮೇಡಂ ಹೇಳಿದ್ದನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಇದ್ದರೂ ಇಲ್ಲದಿದ್ದರೂ ನನಗೆ ತಿಳಿಸು.

ಜುಲೈ ೫

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ತಲುಪಿತು. ನೀನೂ ಫೋನ್ ಮಾಡದೆ ಕಾಗದವನ್ನೇ ಬರೆದೆಯಲ್ಲ, ಅಷ್ಟಕ್ಕೇ ಕಣ್ಣು ತುಂಬಿತು. ಟೈಲರಮ್ಮ ನೋಡಿ, "ಮಗಳ ಮದುವೆ ಗೊತ್ತಾಯ್ತಾ?" ಎಂದಳು. ಹೌದು, ಅವಳು ಮತ್ತೆ ಮಾತಾಡುತ್ತಿದ್ದಾಳೆ. ಅವಳ ಫೋನನ್ನೂ ಮೇಡಮ್ಮಿಗೆ ತೋರಿಸಿ ಸರಿಮಾಡಿಸಿದೆ, ಅವಳ ಗಿರಾಕಿಗಳಿಗೆ ನಾನೂ ಕೂತು ಫೋನ್ ಮಾಡಿದೆ. ಈಗ ನಾವಿಬ್ಬರೂ ಯಾವ ಮೆಸೇಜ್ ಬಂದರೂ ರಸ್ತೆ ದಾಟಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತೇವೆ. ಮೇಡಂ ಕೇಳಿ, ಇದಕ್ಕಿಂತ ಒಳ್ಳೆಯ ಆಂಟಿವೈರಸ್ ಇಲ್ಲ ಎಂದರು.

ಮಾವನ ಕೋಟೆಯ ಕತೆ ಕೇಳು. 'ನಿಮ್ಮ ಖಾತೆಯನ್ನು ಇಂದೇ ಮುಚ್ಚಲಾಗುತ್ತದೆ' ಎಂಬ ಮೆಸೇಜ್ ಬಂತಂತೆ. ಅವಸರದಲ್ಲಿ ಅದು ತೋರಿಸಿದ ಪುಟದಲ್ಲಿ ತನ್ನ ಪಾಸ್‌ವರ್ಡನ್ನು ತಾನೇ ಬರೆದುಕೊಟ್ಟಿದ್ದಾನೆ! ಯಾವ ಆ್ಯಪೂ ಒಳಗೆ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಅವನ ಫೋಟೋಗಳೆಲ್ಲ ಯಾರದೋ ಪಾಲಾಗುತ್ತಿದ್ದವು, ನಿನ್ನ ಅತ್ತೆ ನೋಡಿ ತಕ್ಷಣ ಪಾಸ್‌ವರ್ಡ್ ಬದಲಾಯಿಸಿದ್ದಕ್ಕೆ ಉಳಿದವು. ಬಂದವನು ಪೆಚ್ಚುಮೋರೆ ಹಾಕಿಕೊಂಡು, "ಅಕ್ಕಾ, ಯಾರ ಹತ್ರನೂ ಹೇಳ್ಬೇಡ" ಎಂದ. ನಿನಗೊಬ್ಬಳಿಗೆ ಹೇಳುತ್ತಿದ್ದೇನೆ. ಸಿಲಿಂಡರಣ್ಣನಿಗೆ ನಾನು ಹೇಳಲಿಲ್ಲ, ಅವನಿಗೆ ಅದು ಹೇಗೋ ಗೊತ್ತಾಗಿದೆ.

ಅದಕ್ಕೇ ಫೋನಿನ ವಿಷಯದಲ್ಲಿ ನನ್ನ ಮಾತು ಇಷ್ಟು. ನಿನಗೆ ಯಾವುದು ಹಿಡಿಸುತ್ತದೋ ಅದನ್ನು ಕೊಂಡುಕೋ. ಐಫೋನ್ ಆದರೆ ಆಂಟಿವೈರಸ್ಸಿಗೆ ದುಡ್ಡು ಸುರಿಯಬೇಡ. ಅಲ್ಲಿ ಒಂದು ಆ್ಯಪ್ ಇನ್ನೊಂದರೊಳಗೆ ಇಣುಕಲು ಆಗುವುದೇ ಇಲ್ಲವಂತೆ, ಆಂಟಿವೈರಸ್ ಎಂದು ಮಾರುವವರು ಹೆಚ್ಚೆಂದರೆ ಕೆಟ್ಟ ಪುಟಗಳನ್ನು ತಡೆಯುತ್ತಾರೆ. ಆಂಡ್ರಾಯ್ಡ್ ಆದರೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ ಕೊಂಡುಕೋ, ಕಾವಲನ್ನು ಆಫ್ ಮಾಡಬೇಡ, ಹೊರಗಿನದನ್ನು ಹಾಕಬೇಡ. ಅಷ್ಟು ಮಾಡುವವರಿಗೆ ಫೋನಿನ ಒಳಗಿನ ಕಾವಲೇ ಬಹುಮಟ್ಟಿಗೆ ಸಾಕು. ನನ್ನಂಥವರಿಗೆ ಒಂದು ಒಳ್ಳೆಯ ಆಂಟಿವೈರಸ್ ಇದ್ದರೆ ಕೆಡುಕಿಲ್ಲ. ಮೇಡಂ ಹಾಕಿದ್ದು ಇಲ್ಲದೇ ಹೋಗಿದ್ದರೆ ಅಪ್ಪನ ಆ್ಯಪ್ ನನಗೆ ತಿಳಿಯುತ್ತಲೇ ಇರಲಿಲ್ಲ. ತಿಳಿದದ್ದು ಒಳ್ಳೆಯದಾಯಿತೋ ಇಲ್ಲವೋ, ಅದನ್ನು ಯಾವ ಮೇಡಮ್ಮೂ ಹೇಳಲಾರರು.

ನಿನ್ನ ಫೋನಿನಲ್ಲಿ ಅದು ಇರಲಿಲ್ಲ ಎಂದು ಓದಿ ದೇವರಿಗೆ ಕೈಮುಗಿದೆ. ಒಂದು ಗಳಿಗೆ ಅಷ್ಟೇ. ಆಮೇಲೆ, ಹಾಗಾದರೆ ಮಗಳ ಮೇಲಿದ್ದ ಭರವಸೆ ನನ್ನ ಮೇಲೆ ಇರಲಿಲ್ಲವೇ ಎನ್ನಿಸಿತು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮೇಲೆ ಹೊಟ್ಟೆಕಿಚ್ಚು! ನಗು ಬರುತ್ತದೆ, ಆದರೂ ಬಂದದ್ದು ಬಂತು.

ನೀನು ಬರೆದ ಒಂದು ಮಾತನ್ನು ಮತ್ತೆ ಮತ್ತೆ ಓದಿದೆ. ಅಪ್ಪನಿಗೆ ಅನುಮಾನ ಇರಲಿಲ್ಲ, ಭಯ ಇತ್ತು. ಒಬ್ಬರೇ ಇದ್ದಾಗ ಮತ್ತೆ ಎದೆನೋವು ಬಂದರೆ ಅಮ್ಮ ಎಷ್ಟು ದೂರದಲ್ಲಿದ್ದಾಳೆ ಎಂದು ತಿಳಿದಿರಲಿ ಅಂತ ಹಾಕಿಕೊಂಡಿರಬಹುದು ಎಂದಿದ್ದೀಯ. ಇರಬಹುದು. ನಿನ್ನ ಮಾವನೂ ಅದನ್ನೇ ಅಂದ: "ಭಾವ ಕಾಳಜಿಗೇ ಮಾಡಿರ್ತಾರೆ, ಬಿಡಕ್ಕ."

"ಕಾಳಜಿಗಾದ್ರೆ ನನ್ನನ್ನ ಕೇಳಿ ಮಾಡ್ಬೋದಿತ್ತಲ್ಲೋ" ಎಂದೆ.

ಕೇಳಿದ್ದರೆ ನಾನೇ ಹಾಕಿಕೊಡುತ್ತಿದ್ದೆ. ನಿಮಗೆ ಭಯವಾದಾಗಲೆಲ್ಲ ನೋಡಿಕೊಳ್ಳಿ ಎನ್ನುತ್ತಿದ್ದೆ. ಭಯವಾಗುತ್ತಿದೆ ಎಂದು ಹೆಂಡತಿಯ ಹತ್ತಿರ ಬಾಯಿಬಿಡಲು ಆಗದವರು, ನಾನೇ ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು, ಎಲ್ಲೋ ನೋಡಿ ಕಲಿತು, ಒಂದೊಂದೇ ಕಾವಲು ಕಳಚಿ ಅದನ್ನು ಕೂರಿಸಿದರಲ್ಲ. ಅವರು ತೆರೆದಿಟ್ಟ ಬಾಗಿಲಲ್ಲೇ ಕಳ್ಳರೂ ಬಂದರು. ಹೀಗಾಗುತ್ತದೆಂದು ಅವರಿಗೆ ಗೊತ್ತಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರೋ. ಒಂದು ದಿನ ಅವರ ಫೋಟೋದ ಮುಂದೆ ನಿಂತು ಜೋರಾಗಿಯೇ ಬೈದೆ. ಮನಸ್ಸು ಸ್ವಲ್ಪ ಹಗುರಾಯಿತು.

ಮೇಡಂ ನನ್ನ ಫೋನಿನಿಂದ ಆ ಆ್ಯಪನ್ನು ತೆಗೆದು, ಲಾಕ್ ನಂಬರ್ ಬದಲಾಯಿಸಿಕೊಳ್ಳಿ ಎಂದರು. ಬದಲಾಯಿಸಿದೆ. ಹೊಸ ನಂಬರ್ ಯಾರಿಗೂ ಹೇಳಿಲ್ಲ. ನಿನಗೂ ಹೇಳುವುದಿಲ್ಲ, ತಪ್ಪು ತಿಳಿಯಬೇಡ. ನೀನೂ ನಿನ್ನದನ್ನು ನನಗೆ ಹೇಳಬೇಡ. ಬೇಕೆನಿಸಿದರೆ ನಾನು ಎಲ್ಲಿದ್ದೇನೆ ಎಂದು ಕೇಳು, ಹೇಳುತ್ತೇನೆ.

ರಜೆ ಸಿಕ್ಕಿದಾಗ ಬಾ. ನಿನ್ನ ಕಣ್ಣು ಪರೀಕ್ಷೆ ಮಾಡಿ ಬಹಳ ಕಾಲವಾಯಿತು. ನಿನ್ನ ಕೈ ಮುಟ್ಟಿದವರ ನೋವೆಲ್ಲ ಬೇಗ ಇಳಿಯಲಿ, ನಿನ್ನ ಮನಸ್ಸು ಸದಾ ತಣ್ಣಗಿರಲಿ.

ನಿನ್ನ
ಅಮ್ಮ

ಕೊನೆಗೊಂದು ಮಾತು: ಇದನ್ನು ಮಾವನಿಗೂ ಹೇಳಿಲ್ಲ. ಆಪರೇಷನ್ ಆದ ಮೇಲೆ, ನಾನು ಅಂಗಡಿಯಿಂದ ಬಂದು ಮೆಟ್ಟಿಲು ಹತ್ತಿ ಗಂಟೆಗೆ ಕೈ ಚಾಚುವ ಮೊದಲೇ ಅಪ್ಪ ಬಾಗಿಲು ತೆಗೆಯುತ್ತಿದ್ದರು. ಹೇಗೆ ಗೊತ್ತಾಯ್ತು ಎಂದರೆ, "ನಿನ್ನ ಹೆಜ್ಜೆ ಸದ್ದು ನನಗೆ ಗೊತ್ತಾಗಲ್ವಾ?" ಎನ್ನುತ್ತಿದ್ದರು. ಕೆಳಗೆ ಬಸ್ಸುಗಳು ಅಷ್ಟು ಗದ್ದಲ ಮಾಡುವಾಗಲೂ ನನ್ನ ಹೆಜ್ಜೆಯೊಂದು ಅವರಿಗೆ ಕೇಳುತ್ತದೆ ಎಂದು ನಂಬಿದ್ದೆ. ಅವರು ಹೋದಾಗ ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿ ಅತ್ತೆ. ಈ ಒಂದು ವರ್ಷ ಅದನ್ನೇ ಹಿಡಿದುಕೊಂಡು ಬದುಕಿದ್ದೆ. ಅವರು ಕೇಳಿದ್ದು ಹೆಜ್ಜೆಯೋ, ನೋಡಿದ್ದು ನೀಲಿ ಗೆರೆಯೋ?

ಅವರ ಫೋನಿನಲ್ಲಿದ್ದ ನಕ್ಷೆಯನ್ನು ಅಳಿಸುವ ಮೊದಲು ಪೂರ್ತಿ ನೋಡಿದೆ. ಒಂದು ದಿನ ಮಾತ್ರ ನೀಲಿ ಗೆರೆ ಮನೆಗೆ ಬಂದಿಲ್ಲ, ಬೆಳಗಾಗುವವರೆಗೂ ಅಂಗಡಿಯಲ್ಲೇ ನಿಂತಿದೆ. ಆ ದಿನ ಫೋನನ್ನು ಕೌಂಟರಿನ ಡ್ರಾಯರಿನಲ್ಲಿ ಮರೆತು ಬಂದಿದ್ದೆ. ಆ ಸಂಜೆ ನಾನು ಗಂಟೆ ಒತ್ತಿದೆನೋ, ಒತ್ತುವ ಮೊದಲೇ ಬಾಗಿಲು ತೆರೆಯಿತೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆ ವಾರ ನೀನು ರಜೆಗೆ ಬಂದಿದ್ದೆ, ಮನೆಯಲ್ಲೇ ಇದ್ದೆ. ನಿನಗೇನಾದರೂ ನೆನಪಿದೆಯೇ, ಗುಬ್ಬಿ?